ಗಿಬ್ ರಿವರ್ ರಸ್ತೆ: ಶಾಕ್ ಅಬ್ಸಾರ್ಬರುಗಳ ಅಗ್ನಿಪರೀಕ್ಷೆ

ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ ಕಿಂಬರ್ಲಿ ಎಂಬ ಸೀಮೆ ಇದೆ. ವಿಸ್ತೀರ್ಣ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಎರಡು ಕರ್ನಾಟಕಗಳನ್ನು ಪಕ್ಕಪಕ್ಕ ಇಟ್ಟರೂ ಇನ್ನಷ್ಟು ಜಾಗ ಉಳಿಯುತ್ತದೆ. ಜನಸಂಖ್ಯೆಯೋ, ನಲವತ್ತು ಸಾವಿರದ ಆಸುಪಾಸು! ಈ ಸೀಮೆಯ ನಟ್ಟನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಗುವ ಕೆಮ್ಮಣ್ಣಿನ ದಾರಿಯೇ ಗಿಬ್ ರಿವರ್ ರಸ್ತೆ. ಕಡಲ ತಡಿಯ ಡರ್ಬಿ ಪಟ್ಟಣದ ಬಳಿ ಇದರ ಆರಂಭ. ಕುನುನುರ್ರಾ ಮತ್ತು ವಿಂಡಮ್ ಊರುಗಳ ನಡುವೆ ಹೆದ್ದಾರಿಯನ್ನು ಸೇರುವಲ್ಲಿ ಮುಕ್ತಾಯ. ಉದ್ದ ಸುಮಾರು 660 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರಿಗೆ ಹೋದಷ್ಟು. ನಡುವೆ ಒಂದೇ ಒಂದು ಪಟ್ಟಣವೂ ಇಲ್ಲ.

ಪ್ರವಾಸಿಗರಿಗಾಗಿ ಮಾಡಿದ ರಸ್ತೆಯಲ್ಲ ಇದು. ದನಗಳಿಗಾಗಿ ಮಾಡಿದ್ದು. ದನ ಸಾಕುವ ವಿಶಾಲ ಎಸ್ಟೇಟುಗಳಿಗೆ ಅಲ್ಲಿ ‘ಸ್ಟೇಷನ್’ ಎಂದು ಹೆಸರು. ಒಳನಾಡಿನ ಸ್ಟೇಷನ್ನುಗಳಿಂದ ದನಗಳನ್ನು ಡರ್ಬಿ, ವಿಂಡಮ್ ಬಂದರುಗಳಿಗೆ ಸಾಗಿಸಲು 1960ರ ದಶಕದಲ್ಲಿ ಈ ದಾರಿಯನ್ನು ಲಾರಿ ಓಡುವ ಮಟ್ಟಕ್ಕೆ ತಂದರು. ಈಗಲೂ ಮೂರು ನಾಲ್ಕು ಟ್ರೇಲರುಗಳನ್ನು ಒಂದರ ಹಿಂದೊಂದು ಪೋಣಿಸಿಕೊಂಡ ‘ರೋಡ್ ಟ್ರೇನ್’ ಲಾರಿಗಳು ಧೂಳಿನ ಗೋಡೆಯನ್ನೇ ಎಬ್ಬಿಸುತ್ತ ಎದುರಾಗುವುದುಂಟು. ಅವು ಬಂದಾಗ ಪಕ್ಕಕ್ಕೆ ಸರಿದು, ಧೂಳು ಅಡಗುವ ತನಕ ನಿಂತು ಹೊರಡುವವನೇ ಜಾಣ.

ರಸ್ತೆ ವರ್ಷದಲ್ಲಿ ಅರ್ಧ ಕಾಲ ಮಾತ್ರ ರಸ್ತೆ. ನವೆಂಬರಿನಿಂದ ಮಳೆ ಹಿಡಿದರೆ ನದಿಗಳು ದಾರಿಯ ಮೇಲೆಯೇ ಹರಿಯುತ್ತವೆ. ಸರ್ಕಾರ ಗೇಟು ಹಾಕುತ್ತದೆ. ಮಳೆಯೆಂದರೆ ಅಂಥಿಂಥ ಮಳೆಯಲ್ಲ. 2023ರ ಜನವರಿಯಲ್ಲಿ ಚಂಡಮಾರುತದ ಬಾಲದಿಂದ ಸುರಿದ ಮಳೆಗೆ ಫಿಟ್ಜ್‌ರಾಯ್ ನದಿ ಉಕ್ಕಿ, ದಕ್ಷಿಣದ ಹೆದ್ದಾರಿಯ ದೊಡ್ಡ ಸೇತುವೆಯನ್ನೇ ಮುರಿದುಹಾಕಿತು. ಹೊಸ ಸೇತುವೆ ಅದೇ ವರ್ಷದ ಡಿಸೆಂಬರಿನಲ್ಲಿ ಸಿದ್ಧವಾಯಿತು. ಈ ನೆಲದ ಮೂಲನಿವಾಸಿಗಳು ಬಂಡೆಗಳ ಮೇಲೆ ‘ವಾಂಜಿನಾ’ ಎಂಬ ದೇವತೆಗಳ ಚಿತ್ರ ಬರೆದಿದ್ದಾರೆ: ದೊಡ್ಡ ಕಣ್ಣು, ತಲೆಯ ಸುತ್ತ ಪ್ರಭೆ, ಬಾಯಿ ಮಾತ್ರ ಇಲ್ಲ. ಮಳೆಯನ್ನು ಕೊಡುವವರು ಅವರೇ. ಮೇ ತಿಂಗಳ ಹೊತ್ತಿಗೆ ಅವರು ಸುಮ್ಮನಾದ ಮೇಲೆ ಗ್ರೇಡರ್ ಯಂತ್ರಗಳು ಬಂದು ನೆಲ ಹೆರೆದು ಸಮ ಮಾಡುತ್ತವೆ. ಆಗ ಶುರುವಾಗುತ್ತದೆ ಪಿಕಪ್ ಗಾಡಿಗಳ ಮೆರವಣಿಗೆ.

ಎತ್ತರಿಸಿದ ಗಾಡಿಗಳ ಊರು

ಡರ್ಬಿ ಸಣ್ಣ ಊರು. ಆದರೆ ಅಲ್ಲಿನ ಸಮುದ್ರ ದೊಡ್ಡದು! ಉಬ್ಬರ ಇಳಿತಗಳ ನಡುವಿನ ಅಂತರ ಹನ್ನೊಂದು ಮೀಟರ್ ದಾಟುತ್ತದೆ; ಆಸ್ಟ್ರೇಲಿಯಾದಲ್ಲಿ ಇಷ್ಟೊಂದು ಅಂತರ ಬೇರೆಲ್ಲೂ ಇಲ್ಲ. ಬೆಳಗ್ಗೆ ಕಟ್ಟೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನಕ್ಕೆ ಕಾಣೆಯಾಗಿ ಬರೀ ಕೆಸರು ಉಳಿದಿರುತ್ತದೆ. ಬೀದಿಯ ಇಕ್ಕೆಲಗಳಲ್ಲಿ ಹೊಟ್ಟೆ ಉಬ್ಬಿದ ಬೋಬ್ ಮರಗಳು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದವರಿಗೆ ಇವುಗಳ ಗುರುತು ಥಟ್ಟನೆ ಹತ್ತುತ್ತದೆ. ಎರಡೂ ಒಂದೇ ಕುಲ. ಸವಣೂರಿನದು ಆಫ್ರಿಕಾದ ಕವಲು, ಡರ್ಬಿಯದು ಆಸ್ಟ್ರೇಲಿಯಾದ್ದೇ ಸ್ವಂತ ಕವಲು. ಊರಾಚೆಯ ಒಂದು ಟೊಳ್ಳು ಬೋಬ್ ಮರವನ್ನು ಹಿಂದೆ ಕೈದಿಗಳನ್ನು ಕೂಡಿಹಾಕುವ ಜೈಲಾಗಿ ಬಳಸುತ್ತಿದ್ದರೆಂದು ಪ್ರವಾಸಿಗರಿಗೆ ಹೇಳುವುದುಂಟು. ಇದಕ್ಕೆ ಆಧಾರವಿಲ್ಲವೆಂದು ಸಂಶೋಧಕರು ಹೇಳಿದ್ದಾರೆ. ಕತೆ ಮಾತ್ರ ನಿಂತಿಲ್ಲ.

ಜೂನ್ ತಿಂಗಳಲ್ಲಿ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದು ದೇಶದ ಹುಚ್ಚು ಏನೆಂದು ಗೊತ್ತಾಗುತ್ತದೆ. ಪಿಕಪ್ಪಿಗೆ ಅವರ ಮಾತಿನಲ್ಲಿ ‘ಯೂಟ್’. ಟೊಯೊಟಾ ಹೈಲಕ್ಸ್, ಲ್ಯಾಂಡ್ ಕ್ರೂಸರ್ 79, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್, ಒಂದಾದರೂ ಕಂಪನಿಯಿಂದ ಬಂದ ಎತ್ತರದಲ್ಲಿಲ್ಲ. ಸ್ಪ್ರಿಂಗು ಬದಲಿಸಿ ಎರಡು ಇಂಚು ಮೇಲೆ, ಅದಕ್ಕೆ ತಕ್ಕ ದೊಡ್ಡ ಟೈರು, ಮುಂದೆ ಕಾಂಗರೂ ಬಡಿದರೆ ತಾಳುವ ಉಕ್ಕಿನ ಬಂಪರು, ತಲೆಯ ಮೇಲೆ ಟೆಂಟು, ಹಿಂದೆ ಫ್ರಿಜ್ಜು, ನೀರಿನ ಡ್ರಮ್ಮು, ಎರಡು ಸ್ಟೆಪ್ನಿ. ಈ ಎತ್ತರ ಬರೀ ಶೋಕಿಯಲ್ಲ. ಹಳ್ಳ ದಾಟುವಾಗ, ಬಂಡೆ ಹತ್ತಿಸುವಾಗ ಆ ಎರಡು ಇಂಚು ಉಪಯೋಗಕ್ಕೆ ಬರುತ್ತದೆ. ಶೋಕಿಗಾಗಿ ಎತ್ತರಿಸಿದವರೂ ಇದ್ದಾರೆ ಎನ್ನುವುದು ಬೇರೆ ಮಾತು. ಅವರನ್ನು ರಸ್ತೆಯೇ ವಿಚಾರಿಸಿಕೊಳ್ಳುತ್ತದೆ.

ವಿಚಾರಿಸಿಕೊಳ್ಳುವುದು ಎಲ್ಲಿ? ಚಕ್ರದ ಒಳಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದ ಒಂದೂವರೆ ಅಡಿಯ ಕೊಳವೆಯಲ್ಲಿ. ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ಜನರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಗುಂಡಿಗೆ ಬಿದ್ದಾಗ ಹೊಡೆತವನ್ನು ತಾಳುವುದು ಟೈರು ಮತ್ತು ಸ್ಪ್ರಿಂಗು. ತಾಳಿದ ಸ್ಪ್ರಿಂಗು ಸುಮ್ಮನಿರುವುದಿಲ್ಲ, ನುಂಗಿದ್ದನ್ನು ಮತ್ತೆ ಉಗುಳಿ ಕುಣಿಯತೊಡಗುತ್ತದೆ. ಆ ಕುಣಿತಕ್ಕೆ ಮೂಗುದಾರ ಹಾಕುವುದೇ ಶಾಕಿನ ಕೆಲಸ. ಎಣ್ಣೆ ತುಂಬಿದ ಸೈಕಲ್ ಪಂಪನ್ನು ಊಹಿಸಿಕೊಳ್ಳಿ. ಒಳಗೊಂದು ಪಿಸ್ಟನ್, ಅದರಲ್ಲಿ ಸಣ್ಣ ರಂಧ್ರಗಳು, ರಂಧ್ರಗಳಿಗೆ ತೆಳು ಉಕ್ಕಿನ ಬಿಲ್ಲೆಗಳ ಮುಚ್ಚಳ. ಚಕ್ರ ಮೇಲೆ ಕೆಳಗೆ ಆದಾಗ ಎಣ್ಣೆ ಆ ರಂಧ್ರಗಳಲ್ಲಿ ತಿಣುಕಿ ತಿಣುಕಿ ದಾಟಬೇಕು. ಹಾಗೆ ತಿಣುಕುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಆ ಬಿಸಿ ಕೊಳವೆಯ ಮೈಯಿಂದ ಗಾಳಿಗೆ ಹೋಗಬೇಕು. ಹೋಗದಿದ್ದರೆ ಎಣ್ಣೆ ತೆಳುವಾಗುತ್ತದೆ, ನೊರೆಯೇಳುತ್ತದೆ; ನೊರೆ ರಂಧ್ರದಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ. ಆಗ ಶಾಕ್ ಇದ್ದೂ ಇಲ್ಲದಂತೆ.

ಒಂದು ಗಂಟೆಗೆ ಲಕ್ಷ ಪೆಟ್ಟು

ಡರ್ಬಿಯಿಂದ ಹೊರಟ ಮೇಲೆ ನೂರು ಕಿ.ಮೀ.ಗೂ ಹೆಚ್ಚು ದೂರ ಟಾರು ಇದೆ. ಪೂರ್ವದ ತುದಿಯಲ್ಲೂ ಒಂದಷ್ಟು ಇದೆ. ನಡುವಿನದು ಬಹುಪಾಲು ಜಲ್ಲಿಮಣ್ಣು. ಟಾರು ಮುಗಿಯುವಲ್ಲಿ ಗೊತ್ತಿದ್ದವರು ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಇಳಿಸುತ್ತಾರೆ: ನಲವತ್ತು ಪೌಂಡ್ ಇದ್ದದ್ದು ಮೂವತ್ತಕ್ಕೂ ಕೆಳಗೆ. ಟೈರು ಮೆತ್ತಗಾದರೆ ಸಣ್ಣಪುಟ್ಟ ಪೆಟ್ಟನ್ನು ಅದೇ ನುಂಗಿಕೊಳ್ಳುತ್ತದೆ, ಶಾಕಿನ ತನಕ ಹೋಗಲು ಬಿಡುವುದಿಲ್ಲ. ಸಾವಿರಾರು ಡಾಲರ್ ಸುರಿದು ಶಾಕ್ ಹಾಕಿಸಿದವನೂ ಈ ಬಿಟ್ಟಿ ಉಪಾಯವನ್ನು ಬಿಟ್ಟರೆ ಕೆಟ್ಟ.

ಏಕೆಂದರೆ ಮುಂದಿನದು ಬರೀ ಮಣ್ಣಿನ ರಸ್ತೆಯಲ್ಲ, ಅಲೆಯ ರಸ್ತೆ. ಮಾಡಿಗೆ ಹೊದಿಸುವ ಜಿಂಕ್ ಶೀಟನ್ನು ಅಡ್ಡಲಾಗಿ ಹಾಸಿದ ಹಾಗೆ ದಾರಿಯುದ್ದಕ್ಕೂ ಏರಿಳಿತ. ಒಂದು ಏಣಿನಿಂದ ಮತ್ತೊಂದಕ್ಕೆ ಅರ್ಧ ಮೀಟರಿನಿಂದ ಒಂದು ಮೀಟರ್. ಇದನ್ನು ಮಾಡಿದವರು ಯಾರು? ರಸ್ತೆಯ ಮೇಲೆ ಹೋದವರೇ. 1963ರಲ್ಲಿ ಆಸ್ಟ್ರೇಲಿಯಾದ ಭೌತವಿಜ್ಞಾನಿ ಕೀತ್ ಮೇದರ್ ದುಂಡನೆಯ ಮರಳುದಾರಿಯ ಮೇಲೆ ಚಕ್ರವೊಂದನ್ನು ಓಡಿಸಿ ಅಲೆ ಮೂಡುವ ಬಗೆಯನ್ನು ವಿವರಿಸಿದರು. 2009ರಲ್ಲಿ ಕೆನಡಾ, ಬ್ರಿಟನ್, ಫ್ರಾನ್ಸಿನ ವಿಜ್ಞಾನಿಗಳು ಅದೇ ಪ್ರಯೋಗವನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದರು. ವೇಗ ಒಂದು ಮಿತಿಯನ್ನು ದಾಟಿದೊಡನೆ ಚಕ್ರದಡಿಯ ಮಣ್ಣು ಸಮನಾಗಿ ಉಳಿಯುವುದೇ ಇಲ್ಲ, ಅಲೆಯಾಗಿಯೇ ತೀರುತ್ತದೆ ಎಂದು ಕಂಡುಬಂತು. ಆ ಮಿತಿ ತೀರಾ ಕಡಿಮೆ. ಯಾವ ಗಾಡಿಯೂ ಅಷ್ಟು ನಿಧಾನ ಹೋಗುವುದಿಲ್ಲ. ಇನ್ನೊಂದು ಸೋಜಿಗವೆಂದರೆ, ಅಲೆಗಳು ಇದ್ದಲ್ಲೇ ಇರುವುದಿಲ್ಲ. ಗಾಡಿ ಹೋಗುವ ದಿಕ್ಕಿಗೇ ಮೆಲ್ಲಮೆಲ್ಲನೆ ತೆವಳುತ್ತವೆ. ಗ್ರೇಡರ್ ಇಂದು ಸಮ ಮಾಡಿಹೋದ ದಾರಿ ಕೆಲವೇ ವಾರಗಳಲ್ಲಿ ಮತ್ತೆ ಜಿಂಕ್ ಶೀಟು.

ಈಗ ಸ್ವಲ್ಪ ಲೆಕ್ಕ. ಏಣುಗಳ ನಡುವಿನ ಅಂತರ ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಪ್ರತಿ ಚಕ್ರಕ್ಕೂ ಸೆಕೆಂಡಿಗೆ ಸುಮಾರು 30 ಪೆಟ್ಟು. ಒಂದು ಗಂಟೆಗೆ ಒಂದು ಲಕ್ಷ ದಾಟುತ್ತದೆ! ಊರ ದಾರಿಯಲ್ಲಿ ಶಾಕಿಗೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಉಸಿರಾಡಲು ಸಮಯವಿರುತ್ತದೆ. ಇಲ್ಲಿ ಇಲ್ಲ. ಹಾಗಾದರೆ ನಿಧಾನ ಹೋಗಬಹುದಲ್ಲ ಎಂದರೆ, ಅದೂ ಸಲೀಸಲ್ಲ. 40ರಲ್ಲಿ ಹೋದರೆ ಸೆಕೆಂಡಿಗೆ 15 ಪೆಟ್ಟು. ಪಿಕಪ್ಪಿನ ಚಕ್ರ ಮತ್ತು ಆಕ್ಸಲ್ ತಮ್ಮಷ್ಟಕ್ಕೆ ಅದುರುವ ಲಯ ಸೆಕೆಂಡಿಗೆ ಹತ್ತರಿಂದ ಹದಿನೈದು. ಉಯ್ಯಾಲೆಯನ್ನು ಅದರದೇ ಲಯಕ್ಕೆ ತಳ್ಳಿದಂತಾಗಿ ಗಾಡಿ ನಟ್ಟು ಬೋಲ್ಟು ಸಡಿಲವಾಗುವಂತೆ ಗದಗುಟ್ಟುತ್ತದೆ. 80ಕ್ಕೆ ಏರಿಸಿದರೆ ಚಕ್ರ ಗುಂಡಿಗೆ ಇಳಿಯಲು ಪುರಸೊತ್ತಿಲ್ಲದೆ ಏಣಿನಿಂದ ಏಣಿಗೆ ತೇಲುತ್ತದೆ, ಒಳಗೆ ಕುಳಿತವರಿಗೆ ಹಾಯೆನಿಸುತ್ತದೆ. ಆದರೆ ತೇಲುವ ಚಕ್ರಕ್ಕೆ ನೆಲದ ಹಿಡಿತ ಎಲ್ಲಿಂದ ಬರಬೇಕು? ತಿರುವಿನಲ್ಲಿ ದನ ಅಡ್ಡ ಬಂದರೆ ಬ್ರೇಕು ಹಾಕಿದರೂ ಗಾಡಿ ಜಾರುತ್ತಲೇ ಹೋಗುತ್ತದೆ. ಎತ್ತರಿಸಿದ ಗಾಡಿಯಾದರೆ ಮಗುಚಿಕೊಳ್ಳುವ ಭಯ ಬೇರೆ. ಈ ದಾರಿಯಲ್ಲಿ ಶಾಕ್ ಅಬ್ಸಾರ್ಬರ್ ಸುಖದ ಸಾಮಾನಲ್ಲ. ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವ ಕೈ ಅದೊಂದೇ.

ಟಾರು ಮುಗಿದ ಸ್ವಲ್ಪ ಹೊತ್ತಿಗೆ ವಿಂಜಾನಾ ಕಮರಿಯ ಕಡೆಗೆ ಬಲಕ್ಕೊಂದು ದಾರಿ ಒಡೆಯುತ್ತದೆ. ನೇಪಿಯರ್ ಬೆಟ್ಟಸಾಲು ನೋಡಲು ಕೋಟೆಯ ಗೋಡೆಯಂತಿದೆ. 35 ಕೋಟಿ ವರ್ಷಗಳಿಗೂ ಹಿಂದೆ ಇದು ಸಮುದ್ರದೊಳಗಿನ ಹವಳದಂಥ ದಿಬ್ಬವಾಗಿತ್ತು! ಲೆನ್ನಾರ್ಡ್ ನದಿ ಅದನ್ನು ಕೊರೆದು ಕಮರಿ ಮಾಡಿದೆ. ಮರಳದಂಡೆಯಲ್ಲಿ ಸಿಹಿನೀರಿನ ಮೊಸಳೆಗಳು ಸಾಲಾಗಿ ಬಿಸಿಲು ಕಾಯುತ್ತಿರುತ್ತವೆ. ತಂಟೆಗೆ ಹೋಗದವರ ತಂಟೆಗೆ ಅವು ಬರುವುದಿಲ್ಲ. ಬುನುಬಾ ಜನಾಂಗದ ಜಂಡಮರ್ರಾ ಬಿಳಿಯರ ಪೊಲೀಸರ ವಿರುದ್ಧ 1894ರಲ್ಲಿ ಕಾದಾಡಿದ್ದು ಇಲ್ಲೇ. ಮೂರು ವರ್ಷ ಈ ಬೆಟ್ಟಗಳಲ್ಲಿ ಕೈಗೆ ಸಿಗದೆ ತಿರುಗಿದ ಆತನನ್ನು 1897ರ ಏಪ್ರಿಲಿನಲ್ಲಿ ಹತ್ತಿರದ ಟನಲ್ ಕ್ರೀಕ್ ಗುಹೆಯ ಬಳಿ ಕೊಂದರು. ಅಂದು ಕುದುರೆಗಳೂ ಏದುಸಿರು ಬಿಟ್ಟ ಜಾಗಗಳಿವು.

ದುಬಾರಿಯದೇ ಒಳ್ಳೆಯದೇ?

ಸಂಜೆ ಕ್ಯಾಂಪಿನಲ್ಲಿ ಚಹಾ ಕಾಯಿಸುತ್ತ ಕುಳಿತ ಗಂಡಸರ ಮಾತು ಬೇಗ ಶಾಕುಗಳತ್ತ ತಿರುಗುತ್ತದೆ. ಒಬ್ಬನದು ಜರ್ಮನಿಯ ಬಿಲ್‌ಸ್ಟೈನ್, ಇನ್ನೊಬ್ಬನದು ಹಾಲೆಂಡಿನ ಕೋನಿ, ಮತ್ತೊಬ್ಬನದು ಅಲ್ಲಿಯದೇ ಓಲ್ಡ್ ಮ್ಯಾನ್ ಈಮು, ಕೈಯಲ್ಲಿ ಕಾಸು ಹೆಚ್ಚಿದ್ದವನದು ಅಮೆರಿಕದ ಫಾಕ್ಸ್ ಅಥವಾ ಕಿಂಗ್. ಇಂಥ ಸಾಮಾನಿನ ವ್ಯಾಪಾರ ಬೆಳೆದದ್ದೇ ಇಂಥ ದಾರಿಗಳಿಂದ. 1975ರಲ್ಲಿ ಟೋನಿ ಬ್ರೌನ್ ಎಂಬಾತ ಉತ್ತರ ಆಸ್ಟ್ರೇಲಿಯಾ ಸುತ್ತಿ ಬಂದು, ದಾರಿಯುದ್ದಕ್ಕೂ ಮುರಿದು ಬಿದ್ದ ಬಂಪರು, ಕ್ಯಾರಿಯರುಗಳನ್ನು ಕಂಡು, ಮುರಿಯದ್ದನ್ನು ತಾನೇ ಮಾಡುತ್ತೇನೆಂದು ಹೊರಟ. ಇಂದು ದೇಶದೇಶಗಳಿಗೆ ಮಾಲು ಕಳಿಸುವ ಎ.ಆರ್.ಬಿ. ಕಂಪನಿ ಹುಟ್ಟಿದ್ದು ಹೀಗೆ.

ಹೆಸರು ಎಷ್ಟೇ ಇದ್ದರೂ ಒಳಗಿನ ಜಾತಿ ಮುಖ್ಯವಾಗಿ ಎರಡು. ಹಳೆಯದು ಜೋಡಿ ಕೊಳವೆಯದು: ಒಂದು ಕೊಳವೆಯೊಳಗೆ ಇನ್ನೊಂದು. ಪಿಸ್ಟನ್ ಒಳಗಿನದರಲ್ಲಿ ಆಡುತ್ತದೆ, ಹೊರಗಿನದು ಎಣ್ಣೆಯ ಉಗ್ರಾಣ. ಬಿಸಿ ಎರಡು ಗೋಡೆ ದಾಟಿ ಹೊರಬರಬೇಕಾದ್ದರಿಂದ ಬೇಗ ಆರುವುದಿಲ್ಲ. ಹೊಸದು ಒಂಟಿ ಕೊಳವೆಯದು. ಇದನ್ನು ಬಳಕೆಗೆ ತಂದ ಕೀರ್ತಿ ಫ್ರಾನ್ಸಿನ ಎಂಜಿನಿಯರ್ ದ ಕಾರ್ಬೋಂ ಅವರದು. 1950ರ ದಶಕದಲ್ಲಿ ಬಿಲ್‌ಸ್ಟೈನ್ ಅದನ್ನು ಮರ್ಸಿಡಿಸ್ ಕಾರುಗಳಿಗೆ ಒದಗಿಸಿತು. ಎಣ್ಣೆಯನ್ನು ಒತ್ತಡದ ಗ್ಯಾಸ್ ಸದಾ ಅದುಮಿ ಹಿಡಿದಿರುವುದರಿಂದ ನೊರೆ ಸುಲಭಕ್ಕೆ ಏಳದು. ಗೋಡೆ ಒಂದೇ ಆದ್ದರಿಂದ ಬಿಸಿ ನೇರವಾಗಿ ಗಾಳಿಗೆ. ಹಾಗಾದರೆ ಒಂಟಿ ಕೊಳವೆಯದೇ ಮೇಲಲ್ಲವೆ? ಅವಸರ ಬೇಡ. ಗಿಬ್ ರಸ್ತೆಯಲ್ಲಿ ಮುಂದಿನ ಚಕ್ರ ಚಿಮ್ಮಿಸಿದ ಕಲ್ಲು ನೇರ ಹೋಗಿ ಬಡಿಯುವುದು ಹಿಂದಿನ ಶಾಕಿಗೇ. ಜೋಡಿ ಕೊಳವೆಯ ಹೊರಮೈ ನೆಗ್ಗಿದರೆ ಒಳಗಿನ ಪಿಸ್ಟನ್ ತನ್ನ ಪಾಡಿಗೆ ಆಡುತ್ತಿರುತ್ತದೆ. ಒಂಟಿ ಕೊಳವೆ ನೆಗ್ಗಿತೋ, ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಗೋಡೆ ದಪ್ಪಗಿರುವಂಥದು ಬೇಕು, ಅಥವಾ ಕಲ್ಲು ತಡೆಯುವ ಕವಚವನ್ನಾದರೂ ಹಾಕಿಸಬೇಕು.

ಈ ಎರಡರ ನಡುವೆ ಇನ್ನೊಂದು ಉಪಾಯ ಆಸ್ಟ್ರೇಲಿಯಾದಲ್ಲಿ ಜನಪ್ರಿಯ. ಜೋಡಿ ಕೊಳವೆಯ ಉಗ್ರಾಣದಲ್ಲಿ ಗ್ಯಾಸಿನ ಬದಲು ವಿಶೇಷ ಬಗೆಯ ಫೋಮ್ ತುಂಬುತ್ತಾರೆ. ಎಣ್ಣೆಯ ಜತೆ ಬೆರೆಯಲು ಬಿಡಿ ಗ್ಯಾಸೇ ಇಲ್ಲದ ಮೇಲೆ ನೊರೆ ಎಲ್ಲಿಂದ? ಕೊಳವೆ ದಪ್ಪ, ಎಣ್ಣೆಯೂ ಜಾಸ್ತಿ. ಭಾರ ಹೇರಿಕೊಂಡು ದಿನವಿಡೀ ಒಂದೇ ಸಮ ಅಲೆದಾರಿಯಲ್ಲಿ ಹೋಗುವ ಗಾಡಿಗೆ ಇದು ಹೇಳಿ ಮಾಡಿಸಿದಂತಿದೆ. ಫಾಕ್ಸ್, ಕಿಂಗ್‌ಗಳ ದುಬಾರಿ ಮಾಲಿನಲ್ಲಿ ಪಕ್ಕಕ್ಕೊಂದು ಪ್ರತ್ಯೇಕ ಎಣ್ಣೆಡಬ್ಬಿ ಇರುತ್ತದೆ. ಎಣ್ಣೆ ಹೆಚ್ಚಿದಷ್ಟೂ ಕಾಯುವುದು ತಡವಾಗುತ್ತದೆ, ನಿಜ. ಆದರೆ ಆ ವಿದ್ಯೆ ಪಳಗಿದ್ದು ಮೆಕ್ಸಿಕೋದ ಬಾಹಾ ಮರುಭೂಮಿಯ ರೇಸಿನಂಥ ಕಡೆ. 1967ರಿಂದ ನಡೆದುಬಂದ ಆ ಓಟದಲ್ಲಿ ಗಾಡಿ ಗುಡ್ಡೆಯಿಂದ ಗುಡ್ಡೆಗೆ ಹಾರುತ್ತದೆ. ಓಟ ಮುಗಿದ ಮೇಲೆ ಶಾಕನ್ನು ಪೂರ್ತಿ ಬಿಚ್ಚಿ, ಸೀಲು, ಎಣ್ಣೆ ಬದಲಿಸಿ ಜೋಡಿಸುವ ತಂಡವೇ ಕಾದಿರುತ್ತದೆ. ಕಿಂಬರ್ಲಿಯಲ್ಲಿ ಅಂಥ ತಂಡ ಎಲ್ಲಿದೆ? ಬೋಬ್ ಮರದ ಕೆಳಗೆ ಹೈಡ್ರಾಲಿಕ್ ಎಣ್ಣೆ, ನೈಟ್ರೋಜನ್ ಗ್ಯಾಸು ಸಿಗುವುದಿಲ್ಲ. ಸ್ಟೇಷನ್ನಿನ ಕೆಲಸದ ಗಾಡಿಗಳಿಗೆ ಸರಳವಾದ, ಕೆಟ್ಟರೆ ಕಿತ್ತು ಬೇರೆ ಹಾಕಬಹುದಾದ ಶಾಕೇ ಹೆಚ್ಚು ಒಪ್ಪುತ್ತದೆ.

ಭಾರ ಎಷ್ಟು ಎಂಬ ಪ್ರಶ್ನೆ

ವಿಂಜಾನಾ ದಾಟಿ ಮುಂದೆ ಹೋದರೆ ದಾರಿ ಬೆಟ್ಟ ಹತ್ತುತ್ತದೆ. ಕಾಂಗೋದಲ್ಲಿ ಲಕ್ಷಾಂತರ ಜನರ ಸಾವಿಗೆ ಕಾರಣನಾದ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಹೆಸರು ಈ ಬೆಟ್ಟಗಳಿಗಿತ್ತು. 2020ರಲ್ಲಿ ಅದನ್ನು ತೆಗೆದು ಸ್ಥಳೀಯರ ಭಾಷೆಯಲ್ಲಿ ವುನಾಮಿನ್ ಮಿಲಿವುಂಡಿ ಎಂದು ಹೆಸರಿಟ್ಟರು. ಆಚೆ ಇಳಿದರೆ ಇಮಿಂಟ್ಜಿ ಎಂಬ ಮೂಲನಿವಾಸಿಗಳ ಊರು, ಅಲ್ಲೊಂದು ಅಂಗಡಿ. ಬೆಲ್ ಕಮರಿಯ ಮೆಟ್ಟಿಲು ಮೆಟ್ಟಿಲಾದ ಜಲಪಾತಕ್ಕೆ ಹೋಗುವ ದಾರಿ ಇಲ್ಲೇ ಹತ್ತಿರದಲ್ಲಿ. ಡರ್ಬಿಯಿಂದ ಸುಮಾರು 300 ಕಿ.ಮೀ. ಬಂದಾಗ ಮೌಂಟ್ ಬಾರ್ನೆಟ್ ಎಂಬಲ್ಲಿ ಡೀಸೆಲ್ ಸಿಗುತ್ತದೆ. ಇಲ್ಲಿ ನಿಂತ ಗಾಡಿಗಳ ಅಡಿಯಲ್ಲಿ ಬಗ್ಗಿ ನೋಡಿದರೆ ರಸ್ತೆ ಹಾಕಿದ ಅಂಕಗಳು ಕಾಣುತ್ತವೆ. ಒಂದರ ಶಾಕಿನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದೆ. ಇನ್ನೊಂದರ ರಬ್ಬರ್ ಬುಷ್ ಕರಗಿ ಕಿತ್ತುಬಂದಿದೆ. ಮತ್ತೊಂದರಲ್ಲಿ ಶಾಕನ್ನು ಹಿಡಿದಿದ್ದ ಉಂಗುರದ ವೆಲ್ಡಿಂಗೇ ಬಿಟ್ಟು, ಕೊಳವೆ ತಂತಿಯಲ್ಲಿ ನೇತಾಡುತ್ತಿದೆ.

ಇವುಗಳಲ್ಲಿ ಎಷ್ಟೋ ಸಾವಿಗೆ ಕಾರಣ ರಸ್ತೆಯಲ್ಲ, ಅಳತೆ. ಶಾಕ್ ಹಾಕಿಸಿದರೆ ಗಾಡಿ ಎತ್ತರವಾಗುತ್ತದೆಂದು ತಿಳಿದವರಿದ್ದಾರೆ. ಎತ್ತರ ಕೊಡುವುದು ಸ್ಪ್ರಿಂಗು. ಎತ್ತರಿಸಿದ ಮೇಲೆ ಹಳೆಯ ಶಾಕನ್ನೇ ಉಳಿಸಿದರೆ, ಅದು ಗಾಡಿ ನಿಂತಲ್ಲೇ ಮುಕ್ಕಾಲು ಹಿಗ್ಗಿ ನಿಂತಿರುತ್ತದೆ. ಚಕ್ರ ಗುಂಡಿಗೆ ಇಳಿಯುವಾಗ ಇನ್ನು ಹಿಗ್ಗಲು ಜಾಗವಿಲ್ಲದೆ ಪಿಸ್ಟನ್ ಮೇಲಿನ ಮುಚ್ಚಳಕ್ಕೆ ಬಡಿಯುತ್ತದೆ. ಸಾವಿರ ಸಲ ಬಡಿದ ಮೇಲೆ ಯಾವ ವೆಲ್ಡಿಂಗ್ ನಿಂತೀತು? ಸರಿ, ಉದ್ದನೆಯದನ್ನು ಹಾಕೋಣ ಎಂದು ಅತಿ ಉದ್ದದ್ದನ್ನು ಹಾಕಿದರೆ ಇನ್ನೊಂದು ತಾಪತ್ರಯ. ಸ್ಪ್ರಿಂಗು ಪೂರ್ತಿ ಕುಗ್ಗುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ಗಾಡಿಯ ಭಾರವೆಲ್ಲ ರಬ್ಬರ್ ತಡೆಯ ಮೇಲೆ ಬೀಳುವ ಬದಲು ಪಿಸ್ಟನ್ನಿನ ಮೇಲೆ ಬೀಳುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ ಕ್ಯಾಟಲಾಗ್ ತೆರೆಯುವ ಮುನ್ನ ಟೇಪು ಹಿಡಿಯುತ್ತಾನೆ. ಚಕ್ರ ಪೂರ್ತಿ ಮೇಲೆ ಹೋದಾಗ ಒಂದು ಅಳತೆ, ಪೂರ್ತಿ ಜೋತುಬಿದ್ದಾಗ ಒಂದು ಅಳತೆ. ಕುಗ್ಗಿದ ಶಾಕ್ ಮೊದಲನೆಯದಕ್ಕಿಂತ ಗಿಡ್ಡ, ಹಿಗ್ಗಿದ ಶಾಕ್ ಎರಡನೆಯದಕ್ಕಿಂತ ತುಸು ಉದ್ದ ಇರಬೇಕು. ಮುಂದಿನ ಚಕ್ರಗಳಿಗೆ ಬೇರೆ ಬೇರೆ ಕೈಗಳಿರುವ ಹೈಲಕ್ಸ್‌ನಂಥವುಗಳಲ್ಲಿ ಸ್ಪ್ರಿಂಗು ಶಾಕಿನ ಮೈಮೇಲೆಯೇ ಕೂತಿರುತ್ತದೆ. ಅಲ್ಲಿ ಎತ್ತರ ಹೆಚ್ಚಿದಷ್ಟೂ ಚಕ್ರ ತಿರುಗಿಸುವ ದಂಡದ ಕೀಲುಗಳು ಓರೆಯಾಗಿ ಬೇಗ ಸವೆಯುತ್ತವೆ. ಎರಡು ಇಂಚಿಗೆ ನಿಲ್ಲಿಸುವುದು ಕ್ಷೇಮ. ಕಾನೂನಿನ ಮಿತಿಯನ್ನು ದಾಟಿದರೆ ಎಂಜಿನಿಯರನ ಸರ್ಟಿಫಿಕೇಟ್ ಬೇರೆ ಬೇಕು.

ಅಳತೆಯಾದ ಮೇಲೆ ಬಿಗಿ. ಶಾಕಿಗೆ ಎರಡು ಬಿಗಿಗಳಿವೆ: ಚಕ್ರ ಮೇಲೇಳುವಾಗ ತಡೆಯುವುದು ಒಂದು, ಸ್ಪ್ರಿಂಗು ಚಕ್ರವನ್ನು ಮತ್ತೆ ಕೆಳಗೆ ತಳ್ಳುವಾಗ ತಡೆಯುವುದು ಇನ್ನೊಂದು. ಭಾರದ ಸ್ಪ್ರಿಂಗು ಹಾಕಿದರೆ ಅದು ತಳ್ಳುವ ರಭಸ ಹೆಚ್ಚು, ಆದ್ದರಿಂದ ಎರಡನೆಯ ಬಿಗಿಯೂ ಹೆಚ್ಚಬೇಕು. ಸಡಿಲವಾದರೆ ಗಾಡಿ ದೋಣಿಯಂತೆ ತೂಗುತ್ತದೆ. ಅತಿಬಿಗಿಯಾದರೆ? ಅಲೆದಾರಿಯಲ್ಲಿ ಅದೇ ದೊಡ್ಡ ಕೇಡು. ಒಂದು ಏಣು ದಾಟಿದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಏಣು ಬರುತ್ತದೆ, ಅದು ದಾಟುವ ಮೊದಲೇ ಇನ್ನೊಂದು. ಚಕ್ರ ಮೇಲೆ ಮೇಲೆ ಸಿಕ್ಕಿಕೊಳ್ಳುತ್ತ, ಗಾಡಿ ಕೆಳಗೆ ಕೆಳಗೆ ಕುಸಿಯುತ್ತ, ಕೊನೆಗೆ ಸ್ಪ್ರಿಂಗೇ ಇಲ್ಲದ ಎತ್ತಿನಗಾಡಿಯಾಗುತ್ತದೆ. ಷೋರೂಮಿನಲ್ಲಿ ಕೈಯಲ್ಲಿ ಎಳೆದು ನೋಡಿ ‘ಗಟ್ಟಿ ಇದೆ’ ಎಂದು ಮೆಚ್ಚಿ ಕೊಂಡವರಿಗೆ ಇದು ಗೊತ್ತಾಗುವುದು ಇಲ್ಲಿಗೆ ಬಂದ ಮೇಲೆ.

ಅದಕ್ಕೇ ಒಳ್ಳೆಯ ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ಎಷ್ಟು ಎತ್ತರ ಬೇಕು ಎಂದಲ್ಲ, ಎಷ್ಟು ಭಾರ ಹೇರುತ್ತೀರಿ ಎಂದು. ಜನ ಸುಳ್ಳು ಹೇಳುವುದೂ ಇಲ್ಲೇ. ಉಕ್ಕಿನ ಬಂಪರು, ವಿಂಚು, 80 ಲೀಟರ್ ನೀರು, ಹೆಚ್ಚುವರಿ ಡೀಸೆಲ್, ಬ್ಯಾಟರಿ, ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಗಾಡಿ ತಾಳಬಹುದಾದ ಮಿತಿ ಎಂದೋ ದಾಟಿರುತ್ತದೆ. ಇನ್ನು ಕೆಲವರದು ತದ್ವಿರುದ್ಧ: ಒಂದು ವಾರದ ಪ್ರವಾಸಕ್ಕೆಂದು ಅರ್ಧ ಟನ್ ಹೊರುವ ಸ್ಪ್ರಿಂಗು ಹಾಕಿಸಿ, ಉಳಿದ ವರ್ಷವೆಲ್ಲ ಖಾಲಿ ಗಾಡಿಯಲ್ಲಿ ಆಫೀಸಿಗೆ ಹೋಗುತ್ತ ಸೊಂಟ ನೋಯಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಅಪಾಯದ್ದೆಂದರೆ, ಹಿಂದೆ ಕುಸಿದ ಗಾಡಿಯನ್ನು ಎತ್ತಲು ಪಟ್ಟಿ ಸ್ಪ್ರಿಂಗಿನ ಮೇಲೆ ಗಾಳಿಚೀಲ ತುರುಕುವುದು. ಪಟ್ಟಿಯ ಎರಡು ತುದಿಗಳಲ್ಲಿ ಹಂಚಿಹೋಗುತ್ತಿದ್ದ ಭಾರ ಚಾಸಿಯ ಒಂದೇ ಬಿಂದುವಿಗೆ ಬೀಳುತ್ತದೆ. ಹಿಂದೆ ಟ್ರೇಲರೂ ಇದ್ದರೆ ಮುಗಿಯಿತು. ಡಬಲ್ ಕ್ಯಾಬ್ ಪಿಕಪ್ಪುಗಳ ಚಾಸಿ ಸೀಟಿನ ಹಿಂದೆ ಬಾಗಿ, ಗಾಡಿ ಬಾಳೆಹಣ್ಣಿನಂತಾದ ಪ್ರಸಂಗಗಳು ಆಸ್ಟ್ರೇಲಿಯಾದ ಒಳನಾಡಿನಲ್ಲಿ ಅಪರೂಪವೇನಲ್ಲ. ಲಾರಿಯ ಬೆನ್ನ ಮೇಲೆ ಹೇರಿ ಅದನ್ನು ಪಟ್ಟಣಕ್ಕೆ ತರುವ ಖರ್ಚಿನಲ್ಲಿ ಹತ್ತು ಜೊತೆ ಒಳ್ಳೆಯ ಶಾಕ್ ಬರುತ್ತಿತ್ತು.

ಮೊಸಳೆಯ ಕಾವಲಿನ ನದಿ

410 ಕಿ.ಮೀ. ಸುಮಾರಿಗೆ ಉತ್ತರಕ್ಕೆ ಕಲುಂಬುರು ರಸ್ತೆ ಕವಲೊಡೆಯುತ್ತದೆ. ಮಿಚೆಲ್ ಜಲಪಾತಕ್ಕೆ ಹೋಗುವವರು ಇಲ್ಲಿ ತಿರುಗಬೇಕು. ಅದರ ಅಲೆಗಳ ಮುಂದೆ ಗಿಬ್ ರಸ್ತೆಯೇ ರಾಜಮಾರ್ಗ ಎನಿಸುತ್ತದಂತೆ! ನೇರ ಹೋದವರಿಗೆ ಎಲೆನ್‌ಬ್ರೇ ಸ್ಟೇಷನ್ನಿನಲ್ಲಿ ಬಿಸಿಬಿಸಿ ಸ್ಕೋನ್ ತಿಂಡಿ, ಜತೆಗೆ ಜಾಮು, ಕೆನೆ. ತಿಂದು ಮುಗಿಸುವಷ್ಟರಲ್ಲಿ ಶಾಕಿಗೂ ಸ್ವಲ್ಪ ವಿಶ್ರಾಂತಿ. ಇದು ತಮಾಷೆಯಲ್ಲ, ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿಸಿ ಹೋಗುವ ಗಾಡಿಗಳ ಶಾಕುಗಳು ತಡೆಯಿಲ್ಲದೆ ಓಡಿಸುವವರ ಶಾಕುಗಳಿಗಿಂತ ಹೆಚ್ಚು ಬಾಳುತ್ತವೆ. ನಿಲ್ಲಿಸಿದ ಕೂಡಲೇ ಶಾಕಿನ ಮೈ ಮುಟ್ಟಲು ಹೋಗಬಾರದು, ಕೈ ಸುಡುತ್ತದೆ. ತುಸು ದೂರದಿಂದ ಅಂಗೈ ಹಿಡಿದರೆ ಸಾಕು. ನಾಲ್ಕರಲ್ಲಿ ಮೂರು ಬಿಸಿಯಿದ್ದು ಒಂದು ತಣ್ಣಗಿದ್ದರೆ ಸಂತೋಷಪಡುವಂತಿಲ್ಲ. ಆ ಒಂದು ಕೆಲಸ ಬಿಟ್ಟಿದೆ ಎಂದೇ ಅರ್ಥ.

ಕೊನೆಯ ದೊಡ್ಡ ಪರೀಕ್ಷೆ ಪೆಂಟಕೋಸ್ಟ್ ನದಿ. ಹಿಂದೆ ಕಾಕ್‌ಬರ್ನ್ ಬೆಟ್ಟದ ಕೆಂಪು ಗೋಡೆ, ಮುಂದೆ ದುಂಡುಕಲ್ಲಿನ ತಳದ ಅಗಲವಾದ ಹರಿವು. ಬೇರೆ ಕಡೆಯಾದರೆ ಯಾರಾದರೂ ನಡೆದು ಹೋಗಿ ಆಳ ನೋಡಬಹುದು. ಇಲ್ಲಿ ಇರುವುದು ಉಪ್ಪುನೀರಿನ ಮೊಸಳೆ, ವಿಂಜಾನಾದ ಸಾಧುಪ್ರಾಣಿಯಲ್ಲ. ದಡದಲ್ಲಿ ನಿಂತು, ಮುಂದೆ ಹೋದ ಗಾಡಿಯ ಚಕ್ರ ಎಷ್ಟು ಮುಳುಗಿತೆಂದು ನೋಡಿಯೇ ತೀರ್ಮಾನಿಸಬೇಕು. ಬಿಸಿಯಾದ ಆಕ್ಸಲನ್ನು ನೇರ ನೀರಿಗೆ ಇಳಿಸಿದರೆ ಅದು ಥಟ್ಟನೆ ತಣಿದು ಸೀಲಿನ ಸಂದಿನಿಂದ ನೀರು ಹೀರಿಕೊಳ್ಳುತ್ತದೆ. ಹಾಗಾಗಿ ದಡದಲ್ಲಿ ಕಾಯುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಆಮೇಲೆ ಮೊದಲ ಗೇರಿನಲ್ಲಿ ಮೆಲ್ಲಗೆ. ಎರಡು ಇಂಚಿನ ಎತ್ತರ, ಟೇಪು ಹಿಡಿದು ಆರಿಸಿದ ಶಾಕು ತಮ್ಮ ಬೆಲೆ ತೋರಿಸುವುದು ಇಲ್ಲಿ: ಕಲ್ಲಿನಿಂದ ಕಲ್ಲಿಗೆ ಪ್ರತಿ ಚಕ್ರವೂ ಕೆಳಗೆ ಚಾಚಿ, ನೆಲ ಹುಡುಕಿ, ಊರಿಕೊಂಡು ಮುಂದೆ ಸಾಗುತ್ತದೆ. ಜೋತುಬೀಳಲು ಜಾಗವಿಲ್ಲದ ಚಕ್ರವಾದರೆ ನೀರಿನಲ್ಲಿ ಗಾಳಿಗೆ ಸುತ್ತುತ್ತಿರುತ್ತದೆ.

ನದಿ ದಾಟಿದ ಮೇಲೆ ಟಾರು ಬರಲು ಹೆಚ್ಚು ಹೊತ್ತಿಲ್ಲ. ಅಲ್ಲಿ ಮತ್ತೆ ಟೈರಿಗೆ ಗಾಳಿ. ಕುನುನುರ್ರಾ ಆರ್ಡ್ ನದಿಯ ನೀರಾವರಿಯಿಂದ ಹಸಿರಾದ ಊರು, ತೋಟ, ಗದ್ದೆ, ಸ್ನಾನಕ್ಕೆ ಬಿಸಿನೀರು. ಬಂದವರು ಸ್ನಾನಕ್ಕೂ ಮೊದಲು ಸ್ಪ್ಯಾನರ್ ಹಿಡಿದು ಗಾಡಿಯಡಿ ನುಸುಳುತ್ತಾರೆ. ಶಾಕಿನ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು, ಬುಷ್ ನೋಡಬೇಕು, ಎಣ್ಣೆ ಒಸರಿದೆಯೇ ಎಂದು ಬಟ್ಟೆಯಿಂದ ಒರೆಸಬೇಕು. ಇಲ್ಲಿಂದ ಡರ್ಬಿಗೆ ಮರಳಲು ಎರಡು ದಾರಿ: ಬಂದ ದಾರಿಯಲ್ಲೇ 700 ಕಿ.ಮೀ., ಇಲ್ಲವೇ ಟಾರಿನ ಹೆದ್ದಾರಿಯಲ್ಲಿ ಸುತ್ತಿಕೊಂಡು 900. ಶಾಕ್ ಸೋರಿದವರಿಗೆ ಮಾತ್ರ ಆ ಆಯ್ಕೆ ಇರುವುದಿಲ್ಲ.